ಬ್ರೆಡ್ ಕೆಂಪಗಾದ ಮಾತ್ರಕ್ಕೆ ಒಳಗಿನ ಮಾಂಸ ಕಾಯಿತೇ?

ಹುಬ್ಬಳ್ಳಿಯ ಕೇಶ್ವಾಪುರದಿಂದ ಗೃಹಿಣಿಯೊಬ್ಬರು ಹೀಗೆ ಬರೆದಿದ್ದಾರೆ:

"ನನ್ನ ಮಗ ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಈಗ ಧಾರವಾಡದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿ ರೂಢಿಯಾದ ಚಿಕನ್ ಸಲಾಮಿ, ಹ್ಯಾಮ್ ಹಾಕಿದ ಬಿಸಿ ಸ್ಯಾಂಡ್‌ವಿಚ್ ಮನೆಯಲ್ಲೂ ಬೇಕೆನ್ನುತ್ತಾನೆ. ಪಾಕೀಟಿನ ಹೋಳುಗಳನ್ನು ಬ್ರೆಡ್ಡಿನ ನಡುವೆ ಇಟ್ಟು, ಗ್ಯಾಸಿನ ಮೇಲಿಡುವ ಟೋಸ್ಟರಿನಲ್ಲಿ ಮಾಡಿಕೊಡುತ್ತೇನೆ. ಅದನ್ನೇ ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಹೋಗುತ್ತಾನೆ. ಏಳು ತಿಂಗಳ ಬಸುರಿಯಾದ ಮಗಳು ಕುಬಸಕ್ಕೆಂದು ತವರಿಗೆ ಬಂದಿದ್ದಾಳೆ. ಹೋದ ವಾರ ಅವಳು ಎರಡು ಹೋಳುಗಳನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗೇ ತಿಂದಳು. ವಿಷಯ ತಿಳಿದ ಅವಳ ಅತ್ತೆಯವರು ಗಾಬರಿಯಾಗಿದ್ದಾರೆ. ಮಗನೋ, ಪಾಕೀಟಿನ ಮೇಲೆ ಪೂರ್ತಿ ಬೇಯಿಸಿದೆ ಎಂದೇ ಬರೆದಿದೆ, ಮತ್ತೆ ಕಾಯಿಸಿದರೆ ಕ್ಯಾನ್ಸರ್ ಬರುತ್ತದೆ ಎಂದು ವಾದಿಸುತ್ತಾನೆ. ಹೋಳುಗಳ ಮೇಲೆ ಕಾಮನಬಿಲ್ಲಿನಂತಹ ಹಸಿರು ಹೊಳಪು ಕಾಣುತ್ತದೆ. ಎಷ್ಟು ಕಾಯಿಸಿದರೂ ಗುಲಾಬಿ ಬಣ್ಣ ಹೋಗುವುದಿಲ್ಲ. ಬಿಪಿ ಇರುವ, 72 ವರ್ಷದ ಮಾವನವರೂ ಆಗೊಮ್ಮೆ ಈಗೊಮ್ಮೆ ಒಂದು ತುಂಡು ಕೇಳುತ್ತಾರೆ. ನಾನು ಮಾಡುತ್ತಿರುವ ರೀತಿ ಸರಿಯೇ?"

ಮೊದಲು ಮಗಳ ಮಾತು, ಏಕೆಂದರೆ ನಿಮ್ಮ ಪತ್ರದ ಉಳಿದೆಲ್ಲ ಪ್ರಶ್ನೆಗಳಿಗಿಂತ ಅದು ಮುಖ್ಯವಾದುದು. ತಣ್ಣನೆಯ ಎರಡು ಹೋಳು ತಿಂದ ಮಾತ್ರಕ್ಕೆ ಅನಾಹುತವಾಗಿದೆ ಎಂದು ತಿಳಿಯಬೇಕಾಗಿಲ್ಲ. ಹಾಗೆ ತಿಂದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಮುಂದಿನ ಎರಡು ತಿಂಗಳ ಒಳಗೆ ಅವಳಿಗೆ ಜ್ವರ, ಚಳಿ, ಮೈಕೈ ನೋವು, ಭೇದಿ ಇವುಗಳಲ್ಲಿ ಯಾವುದೇ ಕಾಣಿಸಿದರೂ, ಅಥವಾ ಮಗುವಿನ ಓಡಾಟ ಕಡಿಮೆಯಾದಂತೆ ಅನ್ನಿಸಿದರೂ, "ಹವಾ ಬದಲಾಗಿದೆ" ಎಂದು ಮನೆಯಲ್ಲೇ ಗುಳಿಗೆ ನುಂಗಿಸದೆ ಅವಳನ್ನು ನೋಡುತ್ತಿರುವ ವೈದ್ಯರ ಬಳಿಗೆ ಅಂದೇ ಕರೆದೊಯ್ಯಿರಿ. ಇಂತಹ ಮಾಂಸವನ್ನು ತಣ್ಣಗೆ ತಿಂದಿದ್ದಾಳೆ ಎಂಬುದನ್ನು ನೀವಾಗಿಯೇ ಹೇಳಿರಿ. ಹೇಳದಿದ್ದರೆ ಅದು ವೈದ್ಯರಿಗೆ ಹೊಳೆಯುವ ಸಂಗತಿಯಲ್ಲ. ಇಂತಹ ಮಾಂಸದಿಂದ ತಗುಲಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ರಕ್ತದ ಕಲ್ಚರ್ ಪರೀಕ್ಷೆಯಿಂದ ಗುರುತಿಸುತ್ತಾರೆ, ಮತ್ತು ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್‌ಗಳಿಂದ ಚಿಕಿತ್ಸೆಯೂ ಸಾಧ್ಯವಿದೆ.

ಎರಡು ತಿಂಗಳು ಎಂದು ಏಕೆ ಹೇಳಿದೆನೆಂದರೆ, ನಾವು ಇಲ್ಲಿ ಅಂಜಬೇಕಾದ ಲಿಸ್ಟೀರಿಯಾ ಮೊನೊಸೈಟೋಜೆನೆಸ್ ಎಂಬ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದ 70 ದಿನಗಳವರೆಗೂ ರೋಗವಾಗಿ ಕಾಣಿಸಿಕೊಳ್ಳಬಹುದು. ಅಷ್ಟು ಹೊತ್ತಿಗೆ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಗಟ್ಟಿಮುಟ್ಟಾದ ನಿಮ್ಮ ಮಗನಿಗೆ ಅದು ತಗುಲಿದರೂ ಒಂದು ದಿನದ ಹೊಟ್ಟೆನೋವಾಗಿ ಹೋಗಬಹುದು. ಬಸುರಿಯರಲ್ಲಿ ತಾಯಿಗೆ ಸಣ್ಣ ಜ್ವರ ಬಂದು ಹೋದಂತೆ ಕಂಡರೂ ಒಳಗಿನ ಮಗುವಿಗೆ ಅದು ಪ್ರಾಣಾಂತಿಕವಾಗಬಹುದು. ಗರ್ಭಪಾತ, ಅವಧಿಗೆ ಮುನ್ನವೇ ಹೆರಿಗೆ, ಹುಟ್ಟಿದ ಶಿಶುವಿಗೆ ಮಿದುಳು ಪೊರೆಯ ಉರಿಯೂತ ಇವೆಲ್ಲ ಅದರಿಂದ ಆಗುತ್ತವೆ. 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಈ ರೋಗ ತಗುಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ರೋಗಿಗಳಲ್ಲಿ ನವಜಾತ ಶಿಶುಗಳೇ ಬಹಳ ಇದ್ದವು. ಮೂಲವನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಪೊಲೋನಿ ಎಂಬ, ನಮ್ಮ ಸಲಾಮಿಯನ್ನೇ ಹೋಲುವ ಅಗ್ಗದ ಮಾಂಸದ ಉಂಡೆ. ಅದೂ ಕಾರ್ಖಾನೆಯಲ್ಲಿ ಪೂರ್ತಿ ಬೇಯಿಸಿದ್ದೇ ಆಗಿತ್ತು.

ಹಾಗಿದ್ದರೆ ಪಾಕೀಟಿನ ಮೇಲಿನ ಬರಹ ಸುಳ್ಳೇ? ಸುಳ್ಳಲ್ಲ. ಮಾಂಸ ಸಂಸ್ಕರಣಾ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿ ಹಲವು ವರ್ಷ ದುಡಿದವನಾಗಿ ಈ ಮಾತನ್ನು ಧೈರ್ಯದಿಂದ ಹೇಳಬಲ್ಲೆ. ನುಣ್ಣಗೆ ಅರೆದ ಮಾಂಸವನ್ನು ಉಪ್ಪು, ಮಸಾಲೆ, ಕೆಡದಂತೆ ತಡೆಯುವ ನೈಟ್ರೈಟ್ ಎಂಬ ಲವಣದ ಜೊತೆ ಕಲಸಿ, ಉದ್ದನೆಯ ಕೊಳವೆಯಂತಹ ಹೊದಿಕೆಗೆ ತುಂಬಿ, ನಟ್ಟನಡುವಿನ ಭಾಗವೂ ಬೇಯುವಷ್ಟು ಹೊತ್ತು ಹಬೆಯಲ್ಲಿ ಬೇಯಿಸುತ್ತಾರೆ. ಆ ಕ್ಷಣದಲ್ಲಿ ಲಿಸ್ಟೀರಿಯಾ ಉಳಿದಿರುವ ಸಂಭವವಿಲ್ಲ. ತೊಂದರೆ ಹುಟ್ಟುವುದು ಅದರ ನಂತರ. ಬೆಂದ ಉಂಡೆಯನ್ನು ತಣಿಸಿ, ಹೊದಿಕೆ ಸುಲಿದು, ಹೋಳು ಮಾಡುವ ಯಂತ್ರಕ್ಕೆ ಕೊಡುತ್ತಾರೆ. ಆ ಕೋಣೆ ಸದಾ ತಂಪು, ಸದಾ ತೇವ. ಬೇರೆ ಬ್ಯಾಕ್ಟೀರಿಯಾಗಳು ಅಲ್ಲಿ ಮುದುಡಿ ಕೂತರೆ, ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯಬಲ್ಲ ಲಿಸ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಮನೆ. ಒಮ್ಮೆ ನಾವು ಅಂತಹ ಯಂತ್ರವನ್ನು ಬಿಚ್ಚಿಸಿದಾಗ, ದಿನವೂ ತೊಳೆದು ಒರೆಸುತ್ತಿದ್ದ ಅಲಗಿನ ಹಿಂದೆ, ರಬ್ಬರ್ ಪಟ್ಟಿಯ ಅಡಿಯಲ್ಲಿ, ಬೆರಳಿನ ಉಗುರಿನಷ್ಟು ಜಾಗದಲ್ಲಿ ಮಾಂಸದ ಲೋಳೆ ಕೂತಿದ್ದನ್ನು ಕಂಡೆ. ಹೊರಗಿನಿಂದ ಆ ಯಂತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂದಿನಿಂದ "ಪೂರ್ತಿ ಬೇಯಿಸಿದೆ" ಎಂಬ ಮಾತನ್ನು ನಾನು "ಹೋಳು ಮಾಡುವ ಮುನ್ನ ಪೂರ್ತಿ ಬೇಯಿಸಿತ್ತು" ಎಂದೇ ಓದಿಕೊಳ್ಳುತ್ತೇನೆ. ಒಳ್ಳೆಯ ಘಟಕಗಳು ಈ ಹಂತವನ್ನು ಬಹಳ ಎಚ್ಚರದಿಂದ ಕಾಯುತ್ತವೆ. ಆದರೂ ಬೆಂದ ನಂತರ ಅಲಗಿಗೆ ಮತ್ತು ಗಾಳಿಗೆ ಒಡ್ಡಿಕೊಂಡ ಪದಾರ್ಥವನ್ನು ದುರ್ಬಲ ದೇಹದವರಿಗೆ ಮತ್ತೊಮ್ಮೆ ಕಾಯಿಸದೆ ಕೊಡುವುದು ಸರಿಯಲ್ಲ. ಅಂಗಡಿಯಲ್ಲಿ ಕಣ್ಣೆದುರೇ ಹೋಳು ಮಾಡಿ ಕೊಡುವ ಕಡೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ಯಂತ್ರವನ್ನು ಬಿಚ್ಚಿ ತೊಳೆಯುವವರು ಅಪರೂಪ.

ಈಗ ನಿಮ್ಮ ಟೋಸ್ಟರಿಗೆ ಬರೋಣ. ಬ್ರೆಡ್ ಎಂದರೆ ಗಾಳಿಗುಳ್ಳೆಗಳಿಂದ ತುಂಬಿದ ಸ್ಪಂಜು. ಶಾಖವನ್ನು ಒಳಗೆ ಬಿಟ್ಟುಕೊಡುವುದರಲ್ಲಿ ಅದು ಕಂಬಳಿಯಷ್ಟೇ ಜಿಪುಣ. ಹೊರ ಮೈ ಕೆಂಪಗಾಗಿ ಘಮಘಮಿಸುವ ಹೊತ್ತಿಗೆ ಒಳಗಿನ ಹೋಳು, ಅದರಲ್ಲೂ ಫ್ರಿಜ್ಜಿನಿಂದ ಆಗಷ್ಟೇ ತೆಗೆದು ಎರಡು ಮೂರನ್ನು ಒಂದರ ಮೇಲೊಂದು ಇಟ್ಟಿದ್ದರೆ, ಉಗುರುಬೆಚ್ಚಗೆ ಮಾತ್ರ ಆಗಿರುತ್ತದೆ. ಬೇಕಿದ್ದರೆ ಮುಂದಿನ ಸಲ ಟೋಸ್ಟರಿನಿಂದ ತೆಗೆದ ಸ್ಯಾಂಡ್‌ವಿಚ್ಚನ್ನು ಕೂಡಲೇ ಬಿಡಿಸಿ, ನಡುವಿನ ಹೋಳಿನ ಮೇಲೆ ಬೆರಳಿಟ್ಟು ನೋಡಿರಿ. ಬೆರಳನ್ನು ಆರಾಮವಾಗಿ ಅಲ್ಲೇ ಇಡಲು ಆಯಿತೆಂದರೆ ಅದು ಸಾಕಷ್ಟು ಕಾದಿಲ್ಲ. ಲಿಸ್ಟೀರಿಯಾ ನಿಶ್ಚಿತವಾಗಿ ಸಾಯಬೇಕಾದರೆ ಹೋಳಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅಂದರೆ ಅದರಿಂದ ಹಬೆ ಏಳಬೇಕು. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರವಿಷ್ಟೇ: ಮಗ ಮನೆಯಲ್ಲಿ ಆಗಲೇ ತಿನ್ನುವುದಾದರೆ ಅವನ ಮಟ್ಟಿಗೆ ನಿಮ್ಮ ರೀತಿ ನಡೆಯುತ್ತದೆ, ಮಗಳು ಮತ್ತು ಮಾವನವರ ಮಟ್ಟಿಗೆ ನಡೆಯುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಎರಡು ರೀತಿ ಇಟ್ಟುಕೊಳ್ಳುವ ಬದಲು ಎಲ್ಲರಿಗೂ ಮಾಂಸವನ್ನು ಬೇರೆಯಾಗಿ ಕಾಯಿಸಿ, ಆಮೇಲೆ ಬ್ರೆಡ್ಡಿನೊಳಗೆ ಇಡುವುದು ಜಾಣತನ.

ಇದು ನಾನು ಕಂಡುಹಿಡಿದ ಉಪಾಯವೇನಲ್ಲ. ಬಿಸಿ ಡೆಲಿ ಸ್ಯಾಂಡ್‌ವಿಚ್‌ಗೆ, ಅಂದರೆ ಇಂತಹ ಮಾಂಸದ ಹೋಳುಗಳ ಸ್ಯಾಂಡ್‌ವಿಚ್‌ಗೆ, ಹೆಸರಾದ ನ್ಯೂಯಾರ್ಕಿನ ಯಹೂದಿ ಅಂಗಡಿಗಳಲ್ಲಿ ಪಾಸ್ಟ್ರಾಮಿ ಎಂಬ ಮಾಂಸದ ಇಡೀ ಗಟ್ಟಿಯನ್ನು ಗಂಟೆಗಟ್ಟಲೆ ಹಬೆಯಲ್ಲಿಟ್ಟು, ಗಿರಾಕಿ ಕೇಳಿದಾಗ ಹಬೆಯಾಡುತ್ತಿರುವಾಗಲೇ ಚಾಕುವಿನಿಂದ ಹೆಚ್ಚಿ, ಬ್ರೆಡ್ಡಿನ ನಡುವೆ ಪೇರಿಸುತ್ತಾರೆ. ಅಲ್ಲಿ ಬಿಸಿ ಬರುವುದು ಮಾಂಸದಿಂದ. ಬ್ರೆಡ್ ಬರೀ ಹಿಡಿಕೆ.

ನಿಮ್ಮ ಅಡುಗೆಮನೆಯಲ್ಲಿ ಅದನ್ನು ಮಾಡಲು ರೊಟ್ಟಿ ಸುಡುವ ಹಂಚೇ ಸಾಕು. ಹಂಚನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಅರ್ಧ ಚಮಚೆ ಎಣ್ಣೆ ಸವರಿ, ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿರಿ. ಬದಿಯಲ್ಲಿ ಒಂದು ದೊಡ್ಡ ಚಮಚೆ ನೀರು ಚಿಮುಕಿಸಿ ಮುಚ್ಚಳ ಮುಚ್ಚಿರಿ. ಒಳಗೆ ತುಂಬುವ ಹಬೆ ಹೋಳಿನ ಮೇಲ್ಮೈಯನ್ನೂ ಕಾಯಿಸುತ್ತದೆ, ಹಂಚು ಕೆಳಮೈಯನ್ನು ನೋಡಿಕೊಳ್ಳುತ್ತದೆ. ಒಂದು ನಿಮಿಷಕ್ಕೆ ತಿರುವಿ ಹಾಕಿ, ಮತ್ತೊಂದು ನಿಮಿಷ ಮುಚ್ಚಿಟ್ಟು, ಮುಚ್ಚಳ ತೆಗೆದಾಗ ಪ್ರತಿ ಹೋಳಿನಿಂದಲೂ ಹಬೆ ಏಳುವುದನ್ನು ಕಣ್ಣಾರೆ ಕಂಡ ಮೇಲೆ ಇಳಿಸಿರಿ. ಅಂಚು ಮೇಲೆದ್ದು ಬಟ್ಟಲಿನಂತೆ ಆಗುವುದು ಸಹಜ. ಹೋಳಿನ ಅಂಚಿಗೆ ಮೊದಲೇ ಒಂದು ಕಡೆ ಚಾಕುವಿನಿಂದ ಗೀರು ಕೊಟ್ಟರೆ ಅದು ಸಪಾಟಾಗಿ ಕೂರುತ್ತದೆ. ಚೀಸ್ ಬೇಕಿದ್ದವರು ಕೊನೆಯ ಅರ್ಧ ನಿಮಿಷದಲ್ಲಿ ಬಿಸಿ ಹೋಳಿನ ಮೇಲೆಯೇ ಅದನ್ನಿಟ್ಟು ಕರಗಿಸಬಹುದು. ಬ್ರೆಡ್ಡನ್ನು ಅದೇ ಹೊತ್ತಿಗೆ ಟೋಸ್ಟರಿನಲ್ಲಿ ಬೆಣ್ಣೆ ಸವರಿ ಗರಿಗರಿ ಮಾಡಿಟ್ಟುಕೊಂಡು, ಮಾಂಸವನ್ನು ಅದರೊಳಗೆ ಇಟ್ಟು, ಉಳ್ಳಾಗಡ್ಡಿ, ಟೊಮೆಟೊ, ಸೌತೆಕಾಯಿಗಳನ್ನು ಕಟ್ಟಕಡೆಗೆ ಸೇರಿಸಿರಿ. ಹೀಗೆ ಮಾಡಿದರೆ ಬ್ರೆಡ್ ಮೆತ್ತಗಾಗುವುದೂ ಇಲ್ಲ. ಟೋಸ್ಟರಿನೊಳಗೆ ಟೊಮೆಟೊ ಬೆಂದು ನೀರು ಬಿಟ್ಟ ಸ್ಯಾಂಡ್‌ವಿಚ್ ನನಗಂತೂ ಎಂದೂ ರುಚಿಸಿಲ್ಲ.

ಹಂಚಿನ ಬದಲು ಇಡ್ಲಿ ಪಾತ್ರೆಯ ತಟ್ಟೆಯಲ್ಲಿ ಹರಡಿ ಮೂರು ನಾಲ್ಕು ನಿಮಿಷ ಹಬೆಗೆ ಇಟ್ಟರೂ ಕೆಲಸ ಆಗುತ್ತದೆ, ಮಾಂಸ ಮೆತ್ತಗೂ ಉಳಿಯುತ್ತದೆ. ಮೈಕ್ರೋವೇವ್ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಅದು ಒಂದು ಮೂಲೆಯನ್ನು ಸುಟ್ಟು ಇನ್ನೊಂದು ಮೂಲೆಯನ್ನು ತಣ್ಣಗೇ ಬಿಡುತ್ತದೆ. ಬಳಸಲೇಬೇಕಿದ್ದರೆ ಹೋಳುಗಳನ್ನು ಹರಡಿ, ಮೇಲೆ ಮುಚ್ಚಿ, ನಡುವೆ ಒಮ್ಮೆ ತಿರುವಿ, ಒಂದು ನಿಮಿಷ ಹಾಗೇ ಬಿಟ್ಟು ತೆಗೆಯಿರಿ. ಯಾವ ರೀತಿ ಮಾಡಿದರೂ, ತಣ್ಣನೆಯ ಹೋಳುಗಳನ್ನಿಟ್ಟ ತಟ್ಟೆಗೇ ಬಿಸಿ ಹೋಳನ್ನು ವಾಪಸು ಹಾಕಬೇಡಿರಿ, ಪಾಕೀಟು ಕತ್ತರಿಸಿದ ಚಾಕುವಿನಿಂದಲೇ ಸೌತೆಕಾಯಿ ಹೆಚ್ಚಬೇಡಿರಿ. ಕಾಯಿಸಿದ ಶ್ರಮವೆಲ್ಲ ಇಂತಹ ಸಣ್ಣ ಮರೆವಿನಲ್ಲಿ ನೀರುಪಾಲಾಗುತ್ತದೆ.

ನಿಮ್ಮ ಮಗನ ಕ್ಯಾನ್ಸರ್ ವಾದದಲ್ಲಿ ಅರ್ಧ ಸತ್ಯವಿದೆ, ಆದರೆ ಅದನ್ನು ತಪ್ಪು ಜಾಗಕ್ಕೆ ಹಚ್ಚಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂನಂತೆ ತಿನ್ನುತ್ತ ಹೋದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಅದು ಲೆಕ್ಕ ಹಾಕಿದೆ. ತಂಬಾಕೂ ಅದೇ ಗುಂಪಿನಲ್ಲಿದೆ ಎಂಬ ಕಾರಣಕ್ಕೆ ಸಲಾಮಿಯೂ ತಂಬಾಕೂ ಒಂದೇ ಎಂದು ಹೇಳುವವರಿದ್ದಾರೆ. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯ ಇರುವುದು ದಿನನಿತ್ಯದ ರೂಢಿಯಲ್ಲಿ, ತಣ್ಣಗೆ ತಿಂದರೂ ಬಿಸಿಯಾಗಿ ತಿಂದರೂ. ಕಾಯಿಸುವುದರಿಂದ ಅದಕ್ಕೆ ಇನ್ನಷ್ಟು ಸೇರಿಕೊಳ್ಳುವುದು ಮಾಂಸವನ್ನು ಕರಕಲಾಗುವಂತೆ ಸುಟ್ಟಾಗ ಅಥವಾ ಜೋರು ಉರಿಯಲ್ಲಿ ಹುರಿದಾಗ. ಆಗ ನೈಟ್ರೈಟಿನಿಂದ ನೈಟ್ರೊಸಮೈನ್ ಎಂಬ ಕೆಟ್ಟ ರಾಸಾಯನಿಕಗಳು ಹುಟ್ಟುತ್ತವೆ. ಹಬೆಯಾಡುವಷ್ಟು ಕಾಯಿಸುವುದು ಆ ಮಟ್ಟಕ್ಕೆ ಬಹಳ ಕೆಳಗಿನ ಮಾತು. ಆದ್ದರಿಂದ ಕಾಯಿಸುವುದನ್ನು ಬಿಡುವ ಬದಲು ತಿನ್ನುವ ಸರದಿಯನ್ನು ಕಡಿಮೆ ಮಾಡಲಿ. ವಾರಕ್ಕೊಮ್ಮೆ ಎಂದರೆ ನನ್ನ ತಕರಾರಿಲ್ಲ. ದಿನವೂ ಡಬ್ಬಿಗೆ ಎಂದರೆ ಇದೆ.

ಹಾಗೆಂದು ನೈಟ್ರೈಟನ್ನು ಬರೀ ಖಳನಾಯಕ ಎಂದು ಭಾವಿಸಬೇಡಿರಿ. ಗಾಳಿಯಿಲ್ಲದ ಪಾಕೀಟಿನೊಳಗೆ ಬೊಟುಲಿನಮ್ ಎಂಬ ಮಾರಕ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದು ಅದೇ. ನೀವು ಕೇಳಿದ ಹೋಗದ ಗುಲಾಬಿ ಬಣ್ಣವೂ ಅದರದ್ದೇ ಕೆಲಸ: ನೈಟ್ರೈಟ್ ಮಾಂಸದ ಕೆಂಪು ವರ್ಣಕದೊಡನೆ ಸೇರಿಕೊಂಡು, ಬೇಯಿಸಿದಾಗ ಗುಲಾಬಿಯಾಗಿ ನಿಂತುಬಿಡುತ್ತದೆ. ಮನೆಯ ಕೋಳಿ ಸಾರಿನಲ್ಲಿ ಗುಲಾಬಿ ಕಂಡರೆ ಬೆಂದಿಲ್ಲ ಎಂದು ಅನುಮಾನಿಸುವುದು ಸರಿ, ಸಲಾಮಿಗೆ ಆ ನಿಯಮ ಅನ್ವಯಿಸುವುದಿಲ್ಲ. ಹಸಿರು ಹೊಳಪಂತೂ ಬರೀ ಬೆಳಕಿನ ಆಟ. ಅಡ್ಡಲಾಗಿ ನುಣ್ಣಗೆ ಕತ್ತರಿಸಿದ ಸ್ನಾಯುವಿನ ಎಳೆಗಳ ಮೇಲೆ ಬೆಳಕು ಬಿದ್ದು ಒಡೆದು, ಸಿಡಿ ತಟ್ಟೆಯ ಮೇಲೆ ಕಾಣುವಂತೆ ಬಣ್ಣಗಳಾಗಿ ಕಾಣುತ್ತದೆ; ಹೋಳನ್ನು ಓರೆ ಮಾಡಿದರೆ ಆ ಹೊಳಪು ಜಾಗ ಬದಲಿಸುತ್ತದೆ. ಓರೆ ಮಾಡಿದರೂ ಅಲ್ಲೇ ನಿಲ್ಲುವ ಹಸಿರು ಕಲೆ, ಬೆರಳಿಗೆ ಅಂಟುವ ಲೋಳೆ, ಹುಳಿ ವಾಸನೆ, ಉಬ್ಬಿದ ಪಾಕೀಟು ಇವು ಮಾತ್ರ ಕೆಟ್ಟಿರುವುದರ ಗುರುತು. ಇದಕ್ಕೆ ವಿರುದ್ಧವಾದ ತಪ್ಪು ನಂಬಿಕೆ ಹೆಚ್ಚು ಅಪಾಯಕಾರಿ: ವಾಸನೆ ಚೆನ್ನಾಗಿದೆ, ಆದ್ದರಿಂದ ಸುರಕ್ಷಿತ ಎನ್ನುವುದು. ಲಿಸ್ಟೀರಿಯಾ ಇದ್ದರೂ ವಾಸನೆ, ರುಚಿ, ಬಣ್ಣ ಯಾವುದೂ ಬದಲಾಗುವುದಿಲ್ಲ. ಲಿಂಬೆ ಹಿಂಡಿದರೆ, ಹಸಿಮೆಣಸಿನ ಚಟ್ನಿ ಹಚ್ಚಿದರೆ ಅದು ಸಾಯುತ್ತದೆ ಎನ್ನುವುದಕ್ಕೂ ಆಧಾರವಿಲ್ಲ.

ಫ್ರೀಜರಿನಲ್ಲಿಟ್ಟರೆ ಸಾಯುತ್ತದೆಯೇ ಎಂದು ನನ್ನನ್ನು ಬಹಳ ಮಂದಿ ಕೇಳುತ್ತಾರೆ. ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೇ. ಕರಗಿದ ಮೇಲೆ ಫ್ರಿಜ್ಜಿನ 4 ಡಿಗ್ರಿಯಲ್ಲಿಯೂ ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ. ಹೀಗಾಗಿ ಇಲ್ಲಿ ತಂಪಿನಷ್ಟೇ ದಿನಗಳ ಲೆಕ್ಕವೂ ಮುಖ್ಯ. ತೆರೆದ ಪಾಕೀಟಿಗೆ ಮೂರರಿಂದ ಐದು ದಿನ ಎಂಬುದು ಸಾಮಾನ್ಯ ನಿಯಮ. ಏಪ್ರಿಲ್–ಮೇ ಬಿಸಿಲಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆಯುವ, ನಡುನಡುವೆ ಕರೆಂಟ್ ಹೋಗುವ ನಮ್ಮ ಊರಿನ ಫ್ರಿಜ್ಜುಗಳಿಗೆ ಮೂರು ದಿನವನ್ನೇ ಮಿತಿಯಾಗಿ ಇಟ್ಟುಕೊಳ್ಳಿರಿ. ಕರೆಂಟ್ ಹೋದಾಗ ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಕೊಳ್ಳುವಾಗ ಪಾಕೀಟಿನೊಳಗೆ ಹರಳಿನಂತಹ ಮಂಜು ಗಟ್ಟಿಯಾಗಿ ಕೂತಿದ್ದರೆ ಅದು ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಅಂತಹುದನ್ನು ಬಿಟ್ಟು ಬೇರೆಯದನ್ನು ಆರಿಸಿರಿ. ಉಳಿದೆಲ್ಲ ಸಂತೆ ಮುಗಿದ ಮೇಲೆ ಕೊನೆಗೆ ಇದನ್ನು ಕೊಂಡು ನೇರ ಮನೆಗೆ ತನ್ನಿರಿ, ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ರಾತ್ರಿಯಿಡೀ ಇಟ್ಟು ಕರಗಿಸಿರಿ, ಕಟ್ಟೆಯ ಮೇಲೆ ಬೇಡ.

ಮಾವನವರ ವಿಷಯದಲ್ಲಿ ಬ್ಯಾಕ್ಟೀರಿಯಾದ ಜೊತೆಗೆ ಉಪ್ಪನ್ನೂ ನೋಡಬೇಕು. ಪಾಕೀಟಿನ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಎಂದಿದ್ದರೆ 2 ಗ್ರಾಂ ಉಪ್ಪು. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ನಡುವೆ ಬೆಳೆದ ನಾವು ಆ ಮಿತಿಯನ್ನು ಸಲಾಮಿಯಿಲ್ಲದೆಯೇ ದಾಟಿರುತ್ತೇವೆ. ಅವರು ಕೇಳಿದಾಗ ಚೆನ್ನಾಗಿ ಕಾಯಿಸಿದ ಒಂದು ಹೋಳು ಕೊಡಿರಿ, ಅಂದಿನ ಊಟದಲ್ಲಿ ಉಪ್ಪಿನಕಾಯಿ ಬೇಡ ಎಂದು ಹೇಳುವ ಧೈರ್ಯ ನಿಮಗಿದ್ದರೆ ಅದೂ ಒಳ್ಳೆಯದು.

ಮಗಳಿಗೆ ಹೆರಿಗೆಯಾಗುವವರೆಗೆ ಪಾಕೀಟಿನ ಮಾಂಸವನ್ನು ಕೊಡದೇ ಇರುವುದು ನನ್ನ ಮೊದಲ ಆಯ್ಕೆ, ಹಬೆಯಾಡುವಂತೆ ಕಾಯಿಸಿ ಆಗಲೇ ಕೊಡುವುದು ಎರಡನೆಯದು. ಆಸೆ ತೀರಿಸಲು ಇನ್ನೊಂದು ದಾರಿಯಿದೆ. ಮೂಳೆಯಿಲ್ಲದ ಕೋಳಿಯ ಎದೆ ಮಾಂಸವನ್ನು ಸ್ವಲ್ಪ ಉಪ್ಪು, ಬೆಳ್ಳುಳ್ಳಿ, ಕರಿಮೆಣಸಿನ ನೀರಿನಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಬೇಯಿಸಿ, ಐದು ನಿಮಿಷ ಆರಲು ಬಿಟ್ಟು, ಎಳೆಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ, ಬಿಸಿಯಾಗಿರುವಾಗಲೇ ಬ್ರೆಡ್ಡಿಗೆ ಇಡಿರಿ. ಬೆಂದ ನೀರನ್ನು ಎರಡು ಚಮಚೆ ಮೇಲೆ ಹನಿಸಿದರೆ ಒಣಗಿದಂತೆ ಅನ್ನಿಸುವುದಿಲ್ಲ. ಇದರಲ್ಲಿ ನೈಟ್ರೈಟ್ ಇಲ್ಲದಿರುವುದರಿಂದ ಬಣ್ಣ ಬಿಳಿಯಾಗಿಯೇ ಇರುತ್ತದೆ ಮತ್ತು ಬಾಳಿಕೆಯೂ ಕಡಿಮೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮತ್ತೆ ಚೆನ್ನಾಗಿ ಕಾಯಿಸಿ ಮುಗಿಸಿರಿ. ಮೇಯನೇಸ್ ಬೇಕೆಂದರೆ ಹಸಿ ಮೊಟ್ಟೆಯಿಂದ ಮನೆಯಲ್ಲಿ ಮಾಡಿದ್ದನ್ನು ಅವಳಿಗೆ ಕೊಡಬೇಡಿರಿ.

ಇನ್ನು ಮಗನ ಡಬ್ಬಿ. ಬೆಳಿಗ್ಗೆ ಎಂಟೂವರೆಗೆ ಕಟ್ಟಿದ್ದನ್ನು ಅವನು ಒಂದೂವರೆಗೆ ತಿನ್ನುತ್ತಾನೆಂದರೆ ನಡುವೆ ಐದು ಗಂಟೆ. ಬೆಂದ ಮಾಂಸ ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು, ಹವೆ 32 ಡಿಗ್ರಿ ದಾಟಿದ ದಿನ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿ ಸ್ಯಾಂಡ್‌ವಿಚ್ಚನ್ನು ಮುಚ್ಚಿದ ಡಬ್ಬಿಯಲ್ಲಿ ಬಸ್ಸಿನಲ್ಲಿ ಒಯ್ಯುವುದೆಂದರೆ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ತೊಟ್ಟಿಲು ಕಟ್ಟಿಕೊಟ್ಟಂತೆ. ಕೈಯಿಂದ ಮುಟ್ಟಿದಾಗ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ವಿಷ ಉಗುಳಿದರೆ, ಕಚೇರಿಯ ಮೈಕ್ರೋವೇವಿನಲ್ಲಿ ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಕೆಡದಿರುವುದಕ್ಕೆ ಅವುಗಳಲ್ಲಿ ನೀರಿನಂಶ ಬಹಳ ಕಡಿಮೆ ಇರುವುದೇ ಕಾರಣ. ಸಲಾಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ; ಅದನ್ನು ರೊಟ್ಟಿಯ ಬುತ್ತಿಯಂತೆ ಒಯ್ಯಲು ಬರುವುದಿಲ್ಲ. ಅವನ ಕಚೇರಿಯಲ್ಲಿ ಫ್ರಿಜ್ ಇದ್ದರೆ, ಹಿಂದಿನ ರಾತ್ರಿ ಕಾಯಿಸಿ ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟ ಹೋಳುಗಳನ್ನು ಐಸ್ ಪ್ಯಾಕಿನೊಡನೆ ಬೇರೆ ಡಬ್ಬಿಯಲ್ಲಿ ಒಯ್ದು, ಅಲ್ಲಿ ಕಾಯಿಸಿ ಬ್ರೆಡ್ಡಿಗೆ ಸೇರಿಸಿಕೊಳ್ಳಲಿ. ಇಲ್ಲದಿದ್ದರೆ ಸ್ಯಾಂಡ್‌ವಿಚ್ ರಾತ್ರಿಯ ಊಟಕ್ಕಿರಲಿ, ಡಬ್ಬಿಗೆ ರೊಟ್ಟಿ ಹೋಗಲಿ.

ಮಗಳು ಹೋಳು ತೆಗೆದ ಆ ಪಾಕೀಟು ಹೋದ ವಾರದಿಂದ ಇನ್ನೂ ಫ್ರಿಜ್ಜಿನಲ್ಲೇ ಇರುವುದಾದರೆ ಅದನ್ನು ಇಂದೇ ಎಸೆದುಬಿಡಿರಿ. ಅದನ್ನಿಟ್ಟಿದ್ದ ಅರೆಯನ್ನೂ, ಅದರಿಂದ ನೀರು ಸೋರಿದ್ದರೆ ಕೆಳಗಿನ ಕಾಯಿಪಲ್ಲೆಯ ಡ್ರಾಯರನ್ನೂ ಬಿಸಿ ಸೋಪುನೀರಿನಿಂದ ತೊಳೆದು ಒರೆಸಿರಿ. ಹೊಸ ಪಾಕೀಟು ತೆರೆದ ದಿನ ಅದರ ಮೇಲೆ ತಾರೀಖು ಬರೆದಿಡಿರಿ.